ಉಪ್ಪು ಹದವಾಗಿದೆ, ಬೇಳೆ ಮೃದುವಾಗಿದೆ

ಮಗುವಿನ ಎಂಟನೇ ಬಟ್ಟೆ ಹಿಂಡುತ್ತಿದ್ದೆ, ಇನ್ನೂ ನಾಲ್ಕು ಬಕೆಟ್ಟಿನಲ್ಲಿದ್ದವು. ಹೆರಿಗೆ ವಾರ್ಡಿನ ಹಿಂದಿನ ನಲ್ಲಿಗೆ ನೀರು ಬಿಡುವುದು ಬೆಳಿಗ್ಗೆ ಒಂದೇ ಒಂದು ತಾಸು. ಆ ತಾಸಿನಲ್ಲಿ ಯಾರು ಬಂದು ಎದುರು ನಿಂತರೂ ನಾನು ತಲೆ ಎತ್ತುವವಳಲ್ಲ. ಆದರೆ ಅವತ್ತು ಬಂದವನು ಮೂರು ಸಲ ಕೆಮ್ಮಿದ. ನೋಡಿದರೆ ನನ್ನ ಅಳಿಯ. ಅಂಗಿಯ ಜೇಬಿನ ಮೇಲೆ ಅಂಗೈ ಅಗಲದ ಒಂದು ರಟ್ಟಿನ ಚೀಟಿಯನ್ನು ಪಿನ್ನು ಚುಚ್ಚಿ ನೇತುಹಾಕಿಕೊಂಡಿದ್ದ. ಅದರ ಮೇಲೆ ‘ರುಚಿ ಪ್ರತಿನಿಧಿ’ ಎಂದು ಬರೆದಿತ್ತು.

"ಅತ್ತೆ, ಆ ಕಾಗದ ಸದ್ಯಕ್ಕೆ ಕಳಿಸೋದು ಬೇಡ ಅಂತ ತೀರ್ಮಾನ ಆಯ್ತು," ಅಂದ.

"ಯಾರ ತೀರ್ಮಾನ?"

"ನಾವು ಆಸ್ಪತ್ರೆಯವರದು."

ಅರ್ಧ ತಾಸಿನ ಹಿಂದೆ ಅವನು ಆಸ್ಪತ್ರೆಯವರ ವಿರುದ್ಧವೇ ಹೊರಟಿದ್ದ. ಇಷ್ಟು ಬೇಗ ಪಕ್ಷ ಬದಲಾಯಿಸಿದವರನ್ನು ನಾನು ಚುನಾವಣೆಯಲ್ಲೂ ಕಂಡಿರಲಿಲ್ಲ.

ಕಾಗದದ ವಿಷಯ ಹೇಳಬೇಕು. ನನ್ನ ಮಗಳಿಗೆ ಹೆಣ್ಣು ಮಗು ಹುಟ್ಟಿ ಎಂಟು ದಿನವಾಗಿತ್ತು. ದಿನ ತುಂಬುವ ಮೊದಲೇ ಹುಟ್ಟಿದ್ದರಿಂದ ಕೂಸು ಆ ಎಂಟನೇ ದಿನವೂ ಬರೀ ಎರಡು ಕಿಲೋ ಇತ್ತು. ಎರಡು ಕಿಲೋ ಇನ್ನೂರು ಗ್ರಾಮ್ ಆದ ದಿನ ಮನೆಗೆ ಹೋಗಬಹುದು, ಅಲ್ಲಿಯವರೆಗೆ ತಾಯಿ ಹೊಟ್ಟೆ ತುಂಬ ತಿಂದು ಮಗುವಿಗೆ ಹಾಲು ಕೊಡುತ್ತಿರಲಿ ಎಂದು ಡಾಕ್ಟರಮ್ಮ ಹೇಳಿದ್ದರು. ಹಾಲು ಕೊಡಲು ಮಗಳು ಸಿದ್ಧಳಿದ್ದಳು. ಹೊಟ್ಟೆ ತುಂಬುವುದೇ ಕಷ್ಟವಾಗಿತ್ತು. ಮಧ್ಯಾಹ್ನ ಎರಡು ತುಂಡು ಬ್ರೆಡ್ಡು, ಒಂದು ಆಳವಾದ ತಟ್ಟೆಯ ತುಂಬ ಬೇಳೆ ತರಕಾರಿ ಸೂಪು ಕೊಡುತ್ತಿದ್ದರು. ಸೂಪು ಎಂಬುದು ಅದರ ಹೆಸರು. ತಟ್ಟೆಯ ತಳದಲ್ಲಿ ಒತ್ತಿದ್ದ ಕಾರ್ಖಾನೆಯ ಹೆಸರನ್ನು ಅದರೊಳಗಿಂದಲೇ ಓದಬಹುದಿತ್ತು. ನನಗೆ ಓದು ಬಂದದ್ದು ತಡವಾಗಿ, ಆದ್ದರಿಂದ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವ ಚಟ. ಎಂಟು ದಿನವೂ ಓದಿದೆ.

ಹೊರಗಿನ ಊಟ ತರುವಂತಿರಲಿಲ್ಲ. ಸೋಂಕು ಬರುತ್ತದೆಂದು ನಿಯಮ. ಒಂದು ದಿನ ಬೇಯಿಸಿದ ಮೊಟ್ಟೆಯನ್ನು ಮಗುವಿನ ಕಾಲುಚೀಲದೊಳಗಿಟ್ಟು ತಂದೆ. ಗೇಟಿನವನು ಅದನ್ನು ಹೊರತೆಗೆದು ಬೆಳಕಿಗೆ ಹಿಡಿದು, "ಅಜ್ಜಿ, ಇದು ಎಡಗಾಲೋ ಬಲಗಾಲೋ?" ಎಂದು ಕೇಳಿದ. ಅಲ್ಲಿಗೆ ಆ ದಾರಿ ಮುಚ್ಚಿತು.

ಆಗ ಮಗಳು ಗಂಡನಿಗೆ, ಆಸ್ಪತ್ರೆಯ ಆಡಳಿತ ಸಮಿತಿಗೆ ಒಂದು ಕಾಗದ ಬರೆಯಿರಿ ಅಂದಳು. ಸಮಿತಿ ಕೂರುವುದು ಪಟ್ಟಣದ ಇನ್ನೊಂದು ತುದಿಯ ಕಚೇರಿಯಲ್ಲಿ. ಅಳಿಯ ಎರಡು ದಿನ ಕೂತು ನಾಲ್ಕು ಪುಟ ಬರೆದ. ಬರೆದವನು ನೇರವಾಗಿ ಅಂಚೆಗೆ ಹಾಕಬಾರದೆ? ಯಾರ ಪದವಿಯನ್ನು ಹೇಗೆ ಬರೆಯಬೇಕು ಎಂದು ಕೇಳಿಕೊಳ್ಳಲು ಆಸ್ಪತ್ರೆಯ ಗುಮಾಸ್ತರ ಹತ್ತಿರವೇ ಹೋದ.

ಗುಮಾಸ್ತರು ನಾಲ್ಕು ಪುಟವನ್ನೂ ಓದಿದರಂತೆ. ಅಕ್ಷರ ಮುತ್ತಿನಂತಿದೆ ಅಂದರಂತೆ. ಆಮೇಲೆ, ಪ್ರತಿ ವಾರ ರೋಗಿಗಳ ಕಡೆಯವರೊಬ್ಬರು ದಿನಾ ಅಡುಗೆಮನೆಗೆ ಬಂದು ಊಟದ ರುಚಿ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕೆಂಬ ನಿಯಮವಿದೆ, ಈ ವಾರದ ಜಾಗ ಖಾಲಿ ಇದೆ, ಸ್ವತಃ ರುಚಿ ನೋಡಿದವರು ಬರೆದ ದೂರಿಗೆ ತೂಕ ಹೆಚ್ಚು ಎಂದು ತಿಳಿಸಿದರಂತೆ. ತೂಕ ಎಂಬ ಮಾತು ಕೇಳಿದರೆ ನಮ್ಮ ಅಳಿಯ ಕರಗಿಹೋಗುತ್ತಾನೆ. ಅವನದು ತಕ್ಕಡಿ ರಿಪೇರಿ ಅಂಗಡಿ. ಲೋಕದಲ್ಲಿ ಕೆಡುವುದು ತಕ್ಕಡಿಯೊಂದೇ, ಅದನ್ನು ಸರಿಮಾಡಿದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂದು ನಂಬಿದ ಮನುಷ್ಯ. ಕಾಗದವನ್ನು ಮಡಚಿ ಒಳಜೇಬಿಗೆ ಸೇರಿಸಿ, ಚೀಟಿಯನ್ನು ಹೊರಜೇಬಿಗೆ ಚುಚ್ಚಿಸಿಕೊಂಡು ಬಂದಿದ್ದ.

ಅವತ್ತು ಹನ್ನೊಂದು ಗಂಟೆಗೆ ಅವನ ಮೊದಲ ರುಚಿ ನೋಡುವಿಕೆ. ಅಡುಗೆಮನೆಯಲ್ಲಿ ಅವನಿಗೊಂದು ಮೇಜು, ಕೈಯಿರುವ ಕುರ್ಚಿ, ಎರಡೆರಡು ಸಲ ಒರೆಸಿದ ಚಮಚ. ಅಡುಗೆಯವನು ಪಕ್ಕದಲ್ಲಿ ನಿಂತು ಇವನ ಗಂಟಲನ್ನೇ ನೋಡುತ್ತಿದ್ದನಂತೆ. ಮನೆಯಲ್ಲಿ ಇವನಿಗೆ ಬಡಿಸಿ ಗಂಟಲು ನೋಡುವವರು ಯಾರೂ ಇರಲಿಲ್ಲ, ನಮಗೆ ಬೇರೆ ಕೆಲಸವಿರುತ್ತದೆ. ಇವನು ಸೂಪು ಕುಡಿದು ಕಣ್ಣು ಮುಚ್ಚಿ, ತೆರೆದು, ರಿಜಿಸ್ಟರಿನಲ್ಲಿ ಬರೆದ: ‘ಅತ್ಯುತ್ತಮ. ಉಪ್ಪು ಹದವಾಗಿದೆ, ಬೇಳೆ ಮೃದುವಾಗಿದೆ.’ ಕೆಳಗೆ ಸಹಿ.

ಗುಮಾಸ್ತರು ಅದನ್ನು ದಪ್ಪ ಅಕ್ಷರದಲ್ಲಿ ಬರೆಸಿ ಎಲ್ಲ ವಾರ್ಡುಗಳ ಗೋಡೆಗೂ ಅಂಟಿಸಿದರು. ನಮ್ಮ ವಾರ್ಡಿಗೆ ಅದು ಬಂದದ್ದು ಸರಿಯಾಗಿ ಊಟದ ಹೊತ್ತಿಗೆ. ಚಟ ಬಿಡಬೇಕಲ್ಲ, ನಾನೇ ಗಟ್ಟಿಯಾಗಿ ಓದಿದೆ. ಹನ್ನೊಂದು ಬಾಣಂತಿಯರು ಚಮಚ ಕೆಳಗಿಟ್ಟರು. ಕಿಟಕಿಯ ಪಕ್ಕದ ಮಂಚದಲ್ಲಿ ಒಬ್ಬಾಕೆ ಬಸ್ ಕಂಡಕ್ಟರ್ ಇದ್ದಳು. ತುಂಬಿದ ಬಸ್ಸಿನಲ್ಲಿ ಕೂಗಿ ಕೂಗಿ ಅವಳ ಪಿಸುಮಾತೂ ಮೂರು ಕೋಣೆ ದಾಟುತ್ತಿತ್ತು.

"ಯಾರ ಗಂಡ ಇವನು?" ಅಂದಳು.

ನನ್ನ ಮಗಳು ಹೊದಿಕೆಯನ್ನು ತಲೆಯವರೆಗೂ ಎಳೆದುಕೊಂಡಳು. ಅದರಿಂದ ಎಲ್ಲರಿಗೂ ಉತ್ತರ ಸಿಕ್ಕಿತು.

ಸಂಜೆ ಭೇಟಿಯ ಹೊತ್ತಿನಲ್ಲಿ ಗಂಡಹೆಂಡಿರ ವಾದ ನಡೆಯಿತು. ಮಗಳು ಅದು ನೀರು ಅಂದಳು, ಅಳಿಯ ಅದು ಅಮೃತ ಅಂದ. ಅದೇ ಹಂಡೆ, ಅದೇ ಸೌಟು, ನಾನು ಕುಡಿದ ಮರುಗಳಿಗೆ ನನ್ನ ಕಣ್ಣೆದುರಿಗೇ ಊಟದ ಗಾಡಿಗೆ ತುಂಬಿದರು, ನಡುವೆ ಮೋಸ ನಡೆದಿದ್ದರೆ ನನ್ನ ಕಣ್ಣು ಕುರುಡೇ ಎಂದು ಕೇಳಿದ. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವಳದ್ದೂ ಸುಳ್ಳಲ್ಲ. ಇಬ್ಬರೂ ಸತ್ಯ ಹೇಳುವ ಜಗಳ ಬೇಗ ಮುಗಿಯುವುದಿಲ್ಲ ಎಂದು ಗೊತ್ತಿದ್ದರಿಂದ ನಾನು ಹೋಗಿ ಒಣಗಿದ ಬಟ್ಟೆ ತಂದೆ.

ಅಡುಗೆ ಸರಿಯಿದೆ, ಹೆಂಡತಿಗೆ ರುಚಿಸುತ್ತಿಲ್ಲ, ಎಂದಮೇಲೆ ಕೆಟ್ಟಿರುವುದು ಹೆಂಡತಿಯ ನಾಲಿಗೆ. ಮರುದಿನ ಇವನು ಈ ವಿಷಯವನ್ನು ಕಾಳಜಿಯಿಂದ ದೊಡ್ಡ ನರ್ಸಮ್ಮನ ಕಿವಿಗೆ ಹಾಕಿದ. ಅವರು ಡಾಕ್ಟರಮ್ಮನಿಗೆ ಹೇಳಿದರು. ಡಾಕ್ಟರಮ್ಮ ವಿಚಾರಿಸಿದಾಗ ವಾರ್ಡಿನ ಉಳಿದ ಹತ್ತೂ ಮಂದಿ ತಮಗೂ ಅದೇ ತೊಂದರೆ ಅಂದರು. ಒಂದೇ ವಾರ್ಡಿನಲ್ಲಿ ಹನ್ನೊಂದು ನಾಲಿಗೆ ಒಟ್ಟಿಗೆ ಕೆಟ್ಟದ್ದು ಅವರ ಅನುಭವದಲ್ಲಿ ಇರಲಿಲ್ಲವಂತೆ. ಕಲಿಯುವ ಡಾಕ್ಟರುಗಳು ಆರು ಜನ ಸಾಲಾಗಿ ಬಂದರು. ಹನ್ನೊಂದು ಹೆಂಗಸರು ಸಾಲಾಗಿ ನಾಲಿಗೆ ಚಾಚಿದರು. ಚಿಕ್ಕ ಟಾರ್ಚು ಬಿಟ್ಟು ನೋಡಿ, ಟಿಪ್ಪಣಿ ಬರೆದು, ಇನ್ನು ಮುಂದೆ ಊಟಕ್ಕೆ ಮೊದಲು ಎಲ್ಲರೂ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಬೇಕೆಂದು ಅಪ್ಪಣೆಯಾಯಿತು. ಮುಕ್ಕಳಿಸಿದ ಕಂಡಕ್ಟರಮ್ಮ, ಸೂಪಿಗಿಂತ ಇದಕ್ಕೇ ರುಚಿ ಜಾಸ್ತಿ, ಇದನ್ನೇ ಎರಡು ಲೋಟ ಬಡಿಸಿ ಅಂದಳು.

ಇಷ್ಟಾದರೂ ದೂರು ಕೊಡಬೇಕೆಂದು ನಾಲ್ಕೈದು ಮಂದಿ ಚೀಟಿ ಬರೆದು ಕಚೇರಿಗೆ ಕಳಿಸಿದರು. ಊಟದ ದೂರೆಲ್ಲ ರುಚಿ ಪ್ರತಿನಿಧಿಯ ಮೂಲಕವೇ ಬರಬೇಕೆಂದು ಗುಮಾಸ್ತರು ಅವನ್ನು ಅಳಿಯನಿಗೇ ಕೊಟ್ಟರು. ಇವನು ಪ್ರತಿ ಚೀಟಿಯ ಮೇಲೂ ‘ಪರಿಶೀಲಿಸಲಾಗಿದೆ, ಊಟ ಅತ್ಯುತ್ತಮ’ ಎಂದು ಬರೆದು ವಾಪಸು ಕೊಟ್ಟ. ಅವುಗಳಲ್ಲಿ ಒಂದು ಅವನ ಹೆಂಡತಿಯದು.

ಅವನು ಪ್ರತಿನಿಧಿಯಾದ ನಾಲ್ಕನೇ ದಿನ ಬೆಳಿಗ್ಗೆ ಮಗುವನ್ನು ತೂಗಿದರು. ಎರಡು ಕಿಲೋ ಹತ್ತು ಗ್ರಾಮ್. ನಾಲ್ಕು ದಿನಕ್ಕೆ ಹತ್ತು ಗ್ರಾಮ್ ಎಂದರೆ ಮನೆ ತಲುಪುವ ಹೊತ್ತಿಗೆ ಮಗು ನಡೆದುಕೊಂಡೇ ಹೋಗಬಹುದು ಎಂದು ನನ್ನ ಲೆಕ್ಕ. ಅಳಿಯನ ಲೆಕ್ಕ ಬೇರೆ. ಅಡುಗೆ ಸರಿಯಿದೆ, ನಾಲಿಗೆಗೂ ಔಷಧಿಯಾಯಿತು, ಇನ್ನು ಉಳಿದದ್ದು ತಕ್ಕಡಿ. ಅವನ ಮುಖ ಅರಳಿತು. ಅಂಗಡಿಗೆ ಓಡಿ ಕೈಚೀಲ ತಂದು, ದೊಡ್ಡ ನರ್ಸಮ್ಮ ಚಹಾಕ್ಕೆ ಹೋಗಿದ್ದ ಹೊತ್ತಿನಲ್ಲಿ ಮಗು ತೂಗುವ ತಕ್ಕಡಿಯನ್ನು ಬಿಚ್ಚಿ ನೆಲದ ಮೇಲೆ ಹರಡಿದ. ಅವರು ತಿರುಗಿ ಬಂದಾಗ ಏಳು ತಾಯಂದಿರು ಬಟ್ಟೆ ಬಿಚ್ಚಿದ ಮಕ್ಕಳನ್ನು ಹಿಡಿದು ಸಾಲಿನಲ್ಲಿದ್ದರು, ತಕ್ಕಡಿಯ ಸ್ಪ್ರಿಂಗು ಒಂದು ಔಷಧಿ ತಟ್ಟೆಯಲ್ಲಿತ್ತು. ನರ್ಸಮ್ಮ ಏನಂದರೆಂದು ಬರೆಯುವುದಿಲ್ಲ, ಅಲ್ಲಿ ಎಳೆಯ ಮಕ್ಕಳಿದ್ದವು.

ಇವನು ಮಾತ್ರ ಎಣ್ಣೆ ಬಿಟ್ಟು, ಒರೆಸಿ, ಮತ್ತೆ ಜೋಡಿಸಿ, ತನ್ನ ಹಿತ್ತಾಳೆಯ ತೂಕದ ಬಟ್ಟುಗಳನ್ನು ಒಂದೊಂದಾಗಿ ಇಟ್ಟು ನೋಡಿದ. ಒಂದು ಗ್ರಾಮೂ ಹೆಚ್ಚುಕಡಿಮೆ ಇಲ್ಲ. ಮಗುವನ್ನು ಮಲಗಿಸಿದರೆ ಮತ್ತೆ ಎರಡು ಕಿಲೋ ಹತ್ತು.

"ಸರಿ ಇದೆ," ಅಂದ. ಸಾವಿನ ಸುದ್ದಿ ಹೇಳುವವರ ದನಿ.

ಆಗ ಮಗಳು ಮಂಚದ ಮೇಲಿಂದ, ಸಿಟ್ಟೂ ಇಲ್ಲದೆ ಅಳುವೂ ಇಲ್ಲದೆ ಹೇಳಿದಳು. "ರೀ, ನನಗೆ ಹಸಿವಾಗುತ್ತೆ."

ಅಳಿಯ ಅವಳನ್ನು ನೋಡಿದ, ತಕ್ಕಡಿಯನ್ನು ನೋಡಿದ. ಮದುವೆಯಾಗಿ ಮೂರು ವರ್ಷದಲ್ಲಿ ಹೆಂಡತಿಯೂ ತಕ್ಕಡಿಯೂ ಒಟ್ಟಿಗೆ ಸರಿಯಿರುವುದನ್ನು ಅವನು ನೋಡಿದ್ದು ಅದೇ ಮೊದಲಿರಬೇಕು.

ಐದನೇ ದಿನ ಅಡುಗೆಮನೆಯಲ್ಲಿ ಎಂದಿನಂತೆ ಸಹಿ ಹಾಕಿ, ಇವನು ಊಟದ ಗಾಡಿಯ ಹಿಂದೆಯೇ ಹೊರಟ. ಗಾಡಿ ತಳ್ಳುವಾಕೆಯನ್ನು ಎಲ್ಲರೂ ಗಾಡಿಯಕ್ಕ ಅನ್ನುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ತಳ್ಳುತ್ತಿದ್ದವಳು. ಗಾಡಿ ಹೋಗುವುದು ವಾರ್ಡಿನ ಸಂಖ್ಯೆಯಂತೆ. ಒಂದನೇ ವಾರ್ಡು ಮೂಳೆ ಮುರಿದ ಗಂಡಸರದು. ಅವರಿಗೆ ಕಾಲು ಮುರಿದಿರುತ್ತದೆ, ಹಸಿವು ಗಟ್ಟಿಮುಟ್ಟಾಗಿರುತ್ತದೆ. ಎರಡೆರಡು ಸೌಟು ಹಾಕಿಸಿಕೊಂಡರು. ಇವನು ಜೇಬಿನಿಂದ ಪುಟ್ಟ ಕೈತಕ್ಕಡಿ ತೆಗೆದು ಒಂದು ಸೌಟು ತೂಗಿ ಬರೆದುಕೊಂಡ. ನಾಲ್ಕನೇ ವಾರ್ಡು ಮುಗಿದಾಗ ಗಾಡಿಯಕ್ಕ ಕೆಳಗಿನ ಹಲಗೆಯಿಂದ ದೊಡ್ಡ ಕೆಟಲು ಎತ್ತಿ ಹಂಡೆಗೆ ಬಿಸಿನೀರು ಸುರಿದು ಕದಡಿದಳು. ಏಳರಲ್ಲಿ ಮತ್ತೊಮ್ಮೆ. ಹತ್ತರಲ್ಲಿ ಕೆಟಲು ತುಂಬಿಸಿಕೊಂಡಳು. ಹದಿಮೂರರಲ್ಲಿ ಹಂಡೆ ಓರೆಮಾಡಿ ಉಳಿದ ಬೇಳೆಯನ್ನು ಬಳಿದು ಹಾಕಿದಳು, ಬರಿಯ ತಳಕ್ಕೆ ಕೆಟಲನ್ನು ಪೂರ್ತಿ ಬಗ್ಗಿಸಿದಳು. ಆಮೇಲೆ ಅಂಗಳ ದಾಟಿ ಹೊಸ ಕಟ್ಟಡಕ್ಕೆ, ಹದಿನಾಲ್ಕನೇ ವಾರ್ಡಿಗೆ, ಅಂದರೆ ನಮ್ಮಲ್ಲಿಗೆ ಬಂದಳು.

ಅಳಿಯ ನಮ್ಮ ಬಾಗಿಲಲ್ಲಿ ಮತ್ತೆ ಒಂದು ಸೌಟು ತೂಗಿದ. ಮೊದಲನೇ ವಾರ್ಡಿನದಕ್ಕೂ ಇದಕ್ಕೂ ಐದೇ ಗ್ರಾಮ್ ವ್ಯತ್ಯಾಸ. ತಕ್ಕಡಿಯ ಮುಳ್ಳು ನೀರನ್ನೂ ಬೇಳೆಯನ್ನೂ ಒಂದೇ ಎಂದು ತೋರಿಸಿದ್ದನ್ನು ಅವನು ಬಹಳ ಹೊತ್ತು ನೋಡಿದ. ನಂತರ ಹೆಂಡತಿಯ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಅವಳ ಚಮಚದಿಂದಲೇ ಕುಡಿದ. ಒಂದು ಚಮಚ, ಎರಡು, ಮೂರು. ಯಾರೂ ಗಂಟಲು ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದರು, ಹನ್ನೊಂದು ಮಂದಿ.

"ಗೋಡೆಗೆ ಏನಂತ ಬರೀಲಿ, ಸಾರ್?" ಎಂದು ಕಂಡಕ್ಟರಮ್ಮ ಕೇಳಿದಳು.

ಅವನು ಚೀಟಿಯ ಪಿನ್ನನ್ನು ಸುಮ್ಮನೆ ತಿರುಗಿಸುತ್ತ ಕೂತ. ಗಾಡಿಯಕ್ಕನನ್ನು ಬಯ್ಯಲು ಬಾಯಿ ತೆರೆದನಾದರೂ ಅವಳು ಬಿಡಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂದು ತಟ್ಟೆಯನ್ನೂ ಖಾಲಿ ಬಿಟ್ಟವಳಲ್ಲ ತಾನು ಅಂದಳು. ನೀರು ಬೆರೆಸದಿದ್ದರೆ ಕೊನೆಗೆ ಬರುವ ವಾರ್ಡಿಗೆ ಬರೀ ಹಂಡೆ ಬರುತ್ತದೆ, ಹೆತ್ತು ಮಲಗಿದವರಿಗೆ ಇಲ್ಲ ಅನ್ನುವುದು ಹೇಗೆ? ಅಡುಗೆಯವನನ್ನು ಕೇಳಿದರೆ ಅವನು ಗೋಡೆಯ ಹಲಗೆ ತೋರಿಸಿದ. ‘ಒಟ್ಟು ವಾರ್ಡು: 13’. ಹಲಗೆಯಲ್ಲಿ ಎಷ್ಟಿದೆಯೋ ಅಷ್ಟಕ್ಕೇ ಬೇಳೆ ಬರುತ್ತದೆ. ನಮ್ಮ ವಾರ್ಡು ಕಟ್ಟಿ ನಾಲ್ಕು ವರ್ಷವಾಗಿತ್ತು. ಹಲಗೆ ಬದಲಾಯಿಸಲು ಸಮಿತಿಯ ಅಪ್ಪಣೆ ಬೇಕು. ಊಟ ಸಾಲುತ್ತಿಲ್ಲವೆಂದು ಸಮಿತಿಗೆ ಯಾರೂ ತಿಳಿಸಿರಲಿಲ್ಲ, ಏಕೆಂದರೆ ನಾಲ್ಕು ವರ್ಷದಿಂದ ಪ್ರತಿ ರುಚಿ ಪ್ರತಿನಿಧಿಯೂ ಆ ಕುರ್ಚಿಯಲ್ಲಿ ಕೂತು, ಆ ಚಮಚದಿಂದ ಕುಡಿದು, ಅತ್ಯುತ್ತಮ ಎಂದೇ ಬರೆದಿದ್ದ.

ಹೀಗೆ ಹುಡುಕಿದರೆ ಅಲ್ಲಿ ಒಬ್ಬ ಕೆಟ್ಟವನೂ ಸಿಗಲಿಲ್ಲ. ಅದರಿಂದ ಅಳಿಯನಿಗೆ ಬಹಳ ತೊಂದರೆಯಾಯಿತು.

ಆರನೇ ದಿನ ಅವನು ಅಡುಗೆಮನೆಯ ಕುರ್ಚಿಗೂ ಹೋಗಲಿಲ್ಲ, ಕಾಗದವನ್ನೂ ಕಳಿಸಲಿಲ್ಲ. ಗಾಡಿಯಕ್ಕನನ್ನು ಒಪ್ಪಿಸಿ ಗಾಡಿಯನ್ನು ಹಿಂದಿನಿಂದ ತಿರುಗಿಸಿದ. ಹದಿನಾಲ್ಕು ಮೊದಲು, ಒಂದು ಕೊನೆಗೆ. ಅವತ್ತು ನಮ್ಮ ತಟ್ಟೆಯ ತಳದ ಅಕ್ಷರ ಕಾಣಲಿಲ್ಲ. ಮಗಳು ಎರಡು ತಟ್ಟೆ ಕುಡಿದು ಕೂತಲ್ಲೇ ನಿದ್ದೆ ಹೋದಳು. ಆದರೆ ಒಂದನೇ ವಾರ್ಡಿಗೆ ನೀರು ತಲುಪಿತ್ತು. ಆರು ವಾರ ಏಳಕೂಡದೆಂದು ಕಟ್ಟುಹಾಕಿಸಿಕೊಂಡು ಮಲಗಿದ್ದ ಗಂಡಸರು ತಟ್ಟೆ ಹಿಡಿದು, ಊರುಗೋಲು ಕುಟ್ಟುತ್ತ, ಮೆಟ್ಟಿಲಿಳಿದು ಕಚೇರಿಯವರೆಗೆ ನಡೆದರು. ಮೂಳೆ ಡಾಕ್ಟರು ಅದನ್ನು ತಮ್ಮ ಹೊಸ ಚಿಕಿತ್ಸೆಯ ಫಲವೆಂದು ಬರೆದುಕೊಂಡರಂತೆ. ಗುಮಾಸ್ತರು ಮಾತ್ರ ಅಂದೇ ಸಂಜೆ ಆಜ್ಞೆ ಹೊರಡಿಸಿದರು: ಗಾಡಿ ಸಂಖ್ಯೆಯಂತೆಯೇ ಹೋಗತಕ್ಕದ್ದು.

ಅಳಿಯ ಅವರ ಬಳಿಗೆ ಹೋಗಿ, ಹಾಗಾದರೆ ಸಮಿತಿಗೆ ಬರೆಯುತ್ತೇನೆ ಅಂದ. ಬರೆಯಿರಿ ಎಂದು ಅವರು ಮೆಲ್ಲಗೆ ರಿಜಿಸ್ಟರು ತೆರೆದರಂತೆ. ಇದರಲ್ಲಿ ನಿಮ್ಮ ಐದು ಸಹಿ ಇವೆ, ಐದೂ ಅತ್ಯುತ್ತಮ, ಸಮಿತಿಯವರು ಯಾವುದನ್ನು ನಂಬಬೇಕು? ಜನ ಏನಂದಾರು, ಹೆಂಡತಿ ಹಸಿದಿರುವಾಗ ಗಂಡ ಕುರ್ಚಿಯಲ್ಲಿ ಕೂತು ಸೂಪು ಹೊಗಳುತ್ತಿದ್ದ ಅನ್ನುವುದಿಲ್ಲವೇ? ಅದರ ಬದಲು ನಿಮ್ಮ ಅವಧಿಯನ್ನು ಇನ್ನೊಂದು ತಿಂಗಳು ಮುಂದುವರಿಸೋಣ, ಹೊರಗಿನ ಹಜಾರದಲ್ಲಿ ನಿಮ್ಮ ಫೋಟೋ ಹಾಕೋಣ ಎಂದರಂತೆ.

ಏಳನೇ ದಿನ ಬೆಳಿಗ್ಗೆ ಮಗು ಎರಡು ಕಿಲೋ ನಲವತ್ತು ತೂಗಿತು. ಹಿಂದಿನ ದಿನ ಬೆಳಿಗ್ಗೆಯೂ ಎರಡು ಕಿಲೋ ಹತ್ತೇ ಇತ್ತು, ಒಂದೇ ದಿನದ ಊಟಕ್ಕೆ ಮೂವತ್ತು ಗ್ರಾಮ್. ಮಗಳು ಕೈಬೆರಳು ಮಡಚಿ ಎಣಿಸಿ, ಹೀಗೇ ಆದರೆ ಆರು ದಿನಕ್ಕೆ ಮನೆ ಅಂದಳು. ಮಧ್ಯಾಹ್ನ ಗಾಡಿ ಸಂಖ್ಯೆಯಂತೆ ಬಂತು. ಅವಳು ತಟ್ಟೆಯ ತಳ ನೋಡಿ ಎಣಿಸುವುದನ್ನು ಬಿಟ್ಟಳು. ಅಳಿಯ ಹೊಟ್ಟೆ ಸರಿಯಿಲ್ಲವೆಂದು ರಿಜಿಸ್ಟರಿಗೆ ಸಹಿ ಹಾಕಲಿಲ್ಲ. ಕಾಗದವನ್ನೂ ಕಳಿಸಲಿಲ್ಲ. ಸಂಜೆ ಬಂದಾಗ ಕ್ಷೌರ ಮಾಡಿಸಿಕೊಂಡಿದ್ದ. ಯಾಕೆಂದು ಕೇಳಿದೆ. ಸುಮ್ಮನೆ ಅಂದ. ಫೋಟೋದ ಸುದ್ದಿ ಅಷ್ಟರಲ್ಲಿ ಗಾಡಿಯಕ್ಕನಿಂದ ವಾರ್ಡಿಗೆಲ್ಲ ತಲುಪಿತ್ತು. ಎಡಗಡೆಯಿಂದ ತೆಗೆಸಿಕೊಳ್ಳಿ, ಆ ಕಡೆ ಮುಖ ಸ್ವಲ್ಪ ಪರವಾಗಿಲ್ಲ ಎಂದು ಕಂಡಕ್ಟರಮ್ಮ ಸಲಹೆ ಕೊಟ್ಟಳು. ನನ್ನ ಮಗಳು ಗೋಡೆಯ ಕಡೆ ತಿರುಗಿ ಮಗುವಿಗೆ ಹಾಲು ಕೊಡುತ್ತಿದ್ದಳು.

ಎಂಟನೇ ದಿನ ಬೆಳಿಗ್ಗೆ ನರ್ಸಮ್ಮ ಮಗುವನ್ನು ತಕ್ಕಡಿಗೆ ಹಾಕಿದರು. ಎರಡು ಕಿಲೋ ಇಪ್ಪತ್ತು. ಇಪ್ಪತ್ತು ಗ್ರಾಮ್ ಇಳಿದಿತ್ತು.

ಅಳಿಯ ಬಗ್ಗಿ ಮುಳ್ಳನ್ನು ನೋಡಿದ. ಅದನ್ನು ಬಿಚ್ಚಿದವನು, ಒರೆಸಿದವನು, ಸರಿಯಿದೆ ಎಂದವನು ಅವನೇ. ತಪ್ಪನ್ನು ಬೇರೆ ಯಾರ ಮೇಲೂ ಹಾಕುವಂತಿರಲಿಲ್ಲ. ಮಗು ಕೈಕಾಲು ಆಡಿಸಿತು, ಮುಳ್ಳು ನಡುಗಿ ಮತ್ತೆ ಅಲ್ಲಿಯೇ ನಿಂತಿತು. ಅವನು ಎದೆಯ ಚೀಟಿಯನ್ನು ಕಿತ್ತ. ಪಿನ್ನು ಬೆರಳಿಗೆ ಚುಚ್ಚಿತು, ಅದನ್ನೂ ಗಮನಿಸಲಿಲ್ಲ. ಒಳಜೇಬಿನ ನಾಲ್ಕು ಪುಟ ತೆಗೆದು ಓದಿ, ಅದರಲ್ಲಿ ಪದವಿಗಳೇ ಜಾಸ್ತಿ ಇವೆ, ಊಟ ಕಡಿಮೆ ಇದೆ ಎಂದು ಅವನೇ ಹೇಳಿ ಹರಿದ. ನನ್ನಿಂದ ಒಂದು ಹಾಳೆ ಇಸಿದುಕೊಂಡು ವರಾಂಡದ ಬೆಂಚಿನ ಮೇಲೆ ಕೂತ.

ಈ ಸಲ ಅರ್ಧ ಪುಟವೇ ಆಯಿತು. ಅಡುಗೆಮನೆಯ ಹಲಗೆಯಲ್ಲಿ ಹದಿಮೂರು ವಾರ್ಡು ಎಂದಿದೆ, ಇರುವುದು ಹದಿನಾಲ್ಕು, ಹದಿನಾಲ್ಕನೆಯದರಲ್ಲಿ ಬಾಣಂತಿಯರಿದ್ದಾರೆ. ದಯವಿಟ್ಟು ಹಲಗೆ ತಿದ್ದಿಸಿ, ರುಚಿ ನೋಡುವ ಕುರ್ಚಿಯನ್ನು ಕೊನೆಯ ವಾರ್ಡಿನ ಕೊನೆಯ ಮಂಚದ ಪಕ್ಕ ಹಾಕಿಸಿ. ಹೀಗೆ ಬರೆದು, ಕೊನೆಗೆ ಒಂದು ಸಾಲು: ರಿಜಿಸ್ಟರಿನಲ್ಲಿರುವ ಐದು ಸಹಿಯೂ ನನ್ನವೇ, ಹೆಂಡತಿಯ ಮಾತು ನಂಬದೆ ಹಾಕಿದವು, ಅದು ನನ್ನ ತಪ್ಪು.

ಮಗಳು ಓದಿ ಏನೂ ತಿದ್ದದೆ ಮೊದಲ ಸಹಿ ಹಾಕಿದಳು. ಉಳಿದ ಹತ್ತು ಮಂದಿಯೂ ಹಾಕಿದರು. ಗಾಡಿಯಕ್ಕ ತನ್ನ ಹೆಸರಿನ ಜೊತೆಗೆ ಹತ್ತೊಂಬತ್ತು ವರ್ಷ ಎಂದೂ ಬರೆದಳು. ಲಕೋಟೆಗೆ ಅಂಟು ಹಚ್ಚಿದ್ದು ಕಂಡಕ್ಟರಮ್ಮ. ಟಿಕೀಟು ಹರಿಯುವವರ ಕೈ, ಗಟ್ಟಿಯಾಗಿ ಒತ್ತಿದಳು. ಅಂಚೆಗೆ ಹಾಕುವ ಕೆಲಸವನ್ನು ನಾನೇ ಕೇಳಿ ಪಡೆದೆ. ಅಳಿಯನ ಕೈಗೆ ಕೊಟ್ಟರೆ ದಾರಿಯಲ್ಲಿ ಯಾರಿಗಾದರೂ ತೋರಿಸಿ ಪದವಿಯ ಬಗ್ಗೆ ವಿಚಾರಿಸುತ್ತಾನೆ ಎಂಬ ಭಯ.

ಅಂಚೆಡಬ್ಬಿ ಇದ್ದದ್ದು ರಸ್ತೆಯ ಆಚೆ, ಔಷಧಿ ಅಂಗಡಿಯ ಪಕ್ಕ. ನಾನು ನಿಧಾನದ ಹೆಂಗಸು, ಮಂಡಿ ನೋವು ಬೇರೆ. ರಸ್ತೆ ದಾಟಿ ಡಬ್ಬಿಯ ಬಾಯಿಗೆ ಲಕೋಟೆ ಹಿಡಿದಾಗ ಹಿಂದಿನಿಂದ ಓಡಿಬರುವ ಸದ್ದು ಕೇಳಿತು. ಅಳಿಯ ಏದುಸಿರು ಬಿಡುತ್ತ ಬಂದು ನಿಂತ. ಫೋಟೋದ ನೆನಪಾಗಿರಬೇಕು ಅಂದುಕೊಂಡೆ.

"ಅತ್ತೆ, ಒಂದು ನಿಮಿಷ. ಒಂದು ಸಾಲು ಬದಲಾಯಿಸಬೇಕಿತ್ತು."

"ಯಾವ ಸಾಲು?"

"ಆ ಕೊನೇದು, ನನ್ನ ತಪ್ಪು ಅನ್ನೋದು." ಉಸಿರು ಎಳೆದುಕೊಂಡ. "ಅದನ್ನ ಮೊದಲನೇ ಸಾಲು ಮಾಡೋಣ ಅಂತಿದ್ದೆ."

ನಾನು ಅವನ ಹೊಸ ಕ್ಷೌರ ನೋಡಿದೆ. ಕಿವಿಯ ಹಿಂದೆ ಇನ್ನೂ ಕೂದಲಿನ ಚೂರು ಅಂಟಿತ್ತು.

"ಕೊನೇಲೇ ಇರಲಿ ಬಿಡಿ, ಅಳಿಯಂದ್ರೇ," ಅಂದೆ. "ತಪ್ಪು ಯಾರದು ಅಂತ ಹುಡುಕ್ತಾ ಹುಡುಕ್ತಾ ಪೂರ್ತಿ ಓದ್ತಾರೆ."

ಬೆರಳು ಸಡಿಲಿಸಿದೆ. ಲಕೋಟೆ ಒಳಗೆ ಬಿತ್ತು.